ಹಡಗಲಿಯಲ್ಲಿ ಹುಟ್ಟಿದ ಹುಡುಗ, ಕಲ್ಕತ್ತೆಯ ಹೋಟೆಲು ಮತ್ತು ಸಂಬಳ ಕೊಟ್ಟ ಗಣಿತ

ಕಳೆದ ತಿಂಗಳು ಹೂವಿನಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರ ಮಗಳೊಬ್ಬಳು ಸಿಕ್ಕಿದ್ದಳು. ಎಂ.ಎಸ್ಸಿ. ಗಣಿತ ಓದುತ್ತಿದ್ದಾಳೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ ಎಂದಳು. ಓದುವಾಗಲೇ ಕೆಲಸದ ಜಾಗಕ್ಕೆ ಹೋಗಿ ಕಲಿಯುವುದಕ್ಕೆ ಈಗ ಎಲ್ಲರೂ ಹೇಳುವ ಹೆಸರು ಅದು. "ಒಳ್ಳೇದಾತಲ್ಲ" ಅಂದೆ.

"ಏನ್ ಒಳ್ಳೇದ್ರಿ ಅಣ್ಣಾ. ಸರ್ಟಿಫಿಕೇಟ್ ಕೊಡ್ತಾರಂತ, ರೊಕ್ಕ ಕೊಡಲ್ಲಂತ. ಪಿ.ಜಿ. ಬಾಡಿಗೆ, ಊಟ, ಬಸ್ಸು ಎಲ್ಲಾ ನಮ್ದ. ಅಪ್ಪಗ ಕೇಳಾಕ ಬಾಯಿ ಬರ್ಲಿಲ್ಲ. ಬ್ಯಾಡ ಅಂತ ಮೇಲ್ ಹಾಕಿಬಿಟ್ಟೆ."

ಅವಳ ಅಪ್ಪನಿಗೆ ಮೂರು ಎಕರೆ ಮೆಕ್ಕೆಜೋಳ. ಈ ಸಲ ಮಳೆ ಕೈಕೊಟ್ಟಿದೆ. ಅವಳು ಈಗ ಸಂಜೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಳೆ. "ಗಣಿತ ಓದಿದವ್ರಿಗೆ ಟ್ಯೂಷನ್ ಬಿಟ್ರ ಬ್ಯಾರೆ ಏನೈತ್ರಿ?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ನಾನೂ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಒಂದು ಪತ್ರಿಕೆಯಲ್ಲಿ ಆರು ತಿಂಗಳು ಪುಕ್ಕಟೆ ದುಡಿದವನೇ. ಆಗ ಚಿಕ್ಕಮ್ಮನ ಮನೆಯಲ್ಲಿ ಜಾಗ ಇತ್ತು, ನಡೆಯಿತು. ಚಿಕ್ಕಮ್ಮ ಆ ಊರಲ್ಲಿ ಇಲ್ಲದಿದ್ದರೆ ನಾನು ಇವತ್ತು ಈ ಬರಹ ಬರೆಯುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನೆನಪಾಯಿತು. ಅವಳ ಪ್ರಶ್ನೆಗೆ ಉತ್ತರವಾಗಿ ಬಾಳಿದ ಮನುಷ್ಯ ಹುಟ್ಟಿದ್ದು ಅದೇ ಹಡಗಲಿಯಲ್ಲಿ.

ಸಿ. ಆರ್. ರಾವ್. ಪೂರ್ತಿ ಹೆಸರು ಕಲ್ಯಂಪೂಡಿ ರಾಧಾಕೃಷ್ಣ ರಾವ್. ಹುಟ್ಟಿದ್ದು 1920ರ ಸೆಪ್ಟೆಂಬರ್ 10. ಆಗ ಹಡಗಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ಈಗ ವಿಜಯನಗರ ಜಿಲ್ಲೆ. ತಂದೆ ದೊರೆಸ್ವಾಮಿ ನಾಯ್ಡು ಪೊಲೀಸ್ ಇನ್‌ಸ್ಪೆಕ್ಟರ್. ತಾಯಿ ಲಕ್ಷ್ಮೀಕಾಂತಮ್ಮ. ಹತ್ತು ಮಕ್ಕಳಲ್ಲಿ ಇವರು ಎಂಟನೆಯವರು. ದೇವಕಿಯ ಎಂಟನೇ ಮಗು ಕೃಷ್ಣನಲ್ಲವೇ, ಹಾಗಾಗಿ ರಾಧಾಕೃಷ್ಣ ಎಂದು ಹೆಸರಿಟ್ಟರು. ಪೊಲೀಸರ ಮನೆ ಎಂದ ಮೇಲೆ ವರ್ಗಾವಣೆ ತಪ್ಪಿದ್ದಲ್ಲ. ಹುಡುಗ ಓದಿದ್ದೆಲ್ಲ ಆಂಧ್ರದ ಕಡೆ: ಗೂಡೂರು, ನೂಜಿವೀಡು, ನಂದಿಗಾಮ, ಕೊನೆಗೆ ವಿಶಾಖಪಟ್ಟಣ. ಮನೆಮಾತು ತೆಲುಗು. ಆದ್ದರಿಂದ "ನಮ್ಮ ಹಡಗಲಿಯವರು" ಎಂದು ಎದೆ ತಟ್ಟಿಕೊಳ್ಳಲು ನಮಗೆ ಅಂಥ ದೊಡ್ಡ ಹಕ್ಕೇನಿಲ್ಲ. ಹುಟ್ಟಿದ ಊರು ಎಂಬ ಒಂದು ಎಳೆ ಇದೆ, ಅಷ್ಟೇ. ಆದರೂ ಹಡಗಲಿ ಮಲ್ಲಿಗೆಯ ಬಗ್ಗೆ ಬರೆಯುವಷ್ಟು ಸಲ ನಾವು ಈ ಮನುಷ್ಯನ ಬಗ್ಗೆ ಬರೆದಿಲ್ಲ ಎಂಬುದೂ ನಿಜ.

ಬೆಳಗಿನ ಜಾವ ನಾಲ್ಕಕ್ಕೆ ತಾಯಿ ಎಬ್ಬಿಸಿ, ಎಣ್ಣೆ ದೀಪ ಹಚ್ಚಿ ಓದಲು ಕೂರಿಸುತ್ತಿದ್ದರಂತೆ. ರಾವ್ ಇದನ್ನು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎ. ಮುಗಿದಾಗ ವಯಸ್ಸು 20. ಮೊದಲ ದರ್ಜೆ, ಮೊದಲ ಸ್ಥಾನ. ಮುಂದೆ ಸಂಶೋಧನೆ ಮಾಡೋಣ ಎಂದು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದರು. ಅರ್ಜಿ ತಡವಾಯಿತು ಎಂದು ಸಿಗಲಿಲ್ಲ. ಈ ಮಾತು ಓದಿದಾಗ ನಗು ಬಂತು. ಎಂಬತ್ತು ವರ್ಷದ ಹಿಂದೆಯೂ ಕೊನೆಯ ದಿನಾಂಕದ ಕಾಟ ಇತ್ತು.

ಆಗಿನ ಕಾಲದಲ್ಲಿ ಹಣವಿಲ್ಲದ ಗಣಿತದ ಹುಡುಗನಿಗೆ ಎರಡು ದಾರಿ ಇದ್ದವು. ಎರಡನ್ನೂ ಒಬ್ಬನೇ ತುಳಿದ ಉದಾಹರಣೆ ನಿಮಗೆ ಗೊತ್ತಿರುವ ಶ್ರೀನಿವಾಸ ರಾಮಾನುಜನ್. 1912ರಲ್ಲಿ ಅವರು ಮದ್ರಾಸ್ ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತ. ಹೊಟ್ಟೆ ತುಂಬುತ್ತಿತ್ತು, ಆದರೆ ಆ ಕೆಲಸಕ್ಕೂ ಅವರ ಗಣಿತಕ್ಕೂ ಸಂಬಂಧವಿರಲಿಲ್ಲ. ಮರುವರ್ಷ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ಸಂಶೋಧನಾ ವೇತನ ಕೊಟ್ಟಿತು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂಬ ಷರತ್ತಿನ ಮೇಲೆ. ಹೊಟ್ಟೆಗಾಗಿ ಗಣಿತಕ್ಕೆ ಸಂಬಂಧವಿಲ್ಲದ ನೌಕರಿ, ಇಲ್ಲವೇ ಯಾರಾದರೂ ದೊಡ್ಡವರು ಮನಸ್ಸು ಮಾಡಿ ಕೊಡಿಸುವ ವೇತನ. ಇವೆರಡೇ. ನಾನು ಹೇಳಹೊರಟಿರುವುದು ಮೂರನೇ ದಾರಿಯ ಕತೆ: ಗಣಿತ ಬೇಕೇ ಬೇಕಾದ ಕೆಲಸಕ್ಕೆ ಓದುವ ಹುಡುಗನನ್ನು ಕರೆದು, ಸಂಬಳ ಕೊಟ್ಟು, ಓದನ್ನೂ ಮುಂದುವರಿಸಲು ಬಿಡುವುದು.

ರಾವ್ ಆ ದಾರಿಗೆ ಬಿದ್ದದ್ದು ಆಕಸ್ಮಿಕ.

ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಸೇನೆಯ ಸರ್ವೆ ವಿಭಾಗಕ್ಕೆ ಗಣಿತ ಬಲ್ಲವರು ಬೇಕು ಎಂಬ ಜಾಹೀರಾತು ನೋಡಿ ರಾವ್ ಕಲ್ಕತ್ತೆಗೆ ಹೋದರು. ವಯಸ್ಸು ಸಾಲದು ಎಂದು ಕೆಲಸ ಸಿಗಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನಲ್ಲಿ ಸುಬ್ರಮಣಿಯನ್ ಎಂಬ ದಕ್ಷಿಣದವರೊಬ್ಬರ ಪರಿಚಯವಾಯಿತು. ಮಾತಿಗೆ ಮಾತು ಬೆಳೆದು, ತಾನು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಎಂಬಲ್ಲಿ ತರಬೇತಿಗೆ ಬಂದಿದ್ದೇನೆ ಎಂದು ಆತ ಹೇಳಿದರು. ರಾವ್ ಆ ಹೆಸರನ್ನೇ ಕೇಳಿರಲಿಲ್ಲ. ಹೋಗಿ ನೋಡಿದರು. ಅರ್ಜಿ ಹಾಕಿದರು. 1941ರ ಜನವರಿ 1ಕ್ಕೆ ಸೇರಿದರು. ಆ ಹೋಟೆಲಿನಲ್ಲಿ ಊಟಕ್ಕೆ ಬೇರೆ ಹೊತ್ತಿಗೆ ಹೋಗಿದ್ದರೆ? ಜಗತ್ತಿನ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಈಗಿರುವ ಒಂದು ಹೆಸರು ಇರುತ್ತಿರಲಿಲ್ಲವೇನೋ.

ಈ ಸಂಸ್ಥೆ ಎಂಥದ್ದು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಕತೆಯ ಗುಟ್ಟು ಇರುವುದೇ ಅಲ್ಲಿ. ಪ್ರಶಾಂತ ಚಂದ್ರ ಮಹಾಲನೋಬಿಸ್ ಎಂಬ ಭೌತಶಾಸ್ತ್ರದ ಪ್ರೊಫೆಸರ್ 1931ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಟ್ಟಿದ ಸಂಸ್ಥೆ ಅದು. ಬರೀ ಪಾಠದ ಶಾಲೆಯಲ್ಲ. ಹೊರಗಿನವರ ಕೆಲಸ ಹಿಡಿದು ಮಾಡಿಕೊಡುವ ಜಾಗ. ಅವುಗಳಲ್ಲಿ ದೊಡ್ಡದು ಬಂಗಾಳದ ಸೆಣಬಿನ ಸರ್ವೆ. ಗೋಣಿಚೀಲದ ಸೆಣಬು ಎಷ್ಟು ಎಕರೆಯಲ್ಲಿದೆ, ಎಷ್ಟು ಬೆಳೆ ಬರುತ್ತದೆ ಎಂದು ಮೊದಲೇ ತಿಳಿಯುವುದು ಸರ್ಕಾರಕ್ಕೂ ಮಿಲ್ಲಿನವರಿಗೂ ಬೇಕಿತ್ತು. ಬಂಗಾಳದ ಪ್ರತಿ ಹೊಲವನ್ನೂ ಅಳೆಯಲು ಸಾಧ್ಯವಿಲ್ಲ. ಮಹಾಲನೋಬಿಸ್ 1937ರಿಂದ ಚೀಟಿ ಎತ್ತಿದ ಹಾಗೆ ಕೆಲವೇ ತುಂಡು ಭೂಮಿ ಆರಿಸಿ, ಅವನ್ನು ಅಳೆದು, ಇಡೀ ಪ್ರಾಂತ್ಯದ ಲೆಕ್ಕ ಹೇಳುವ ಪದ್ಧತಿ ಕಟ್ಟತೊಡಗಿದರು.

ಇದು ದೂರದ ಮಾತು ಅನ್ನಿಸಿದರೆ ನಿಮ್ಮ ಊರಿನ ಬೆಳೆ ವಿಮೆಯನ್ನು ನೆನಪಿಸಿಕೊಳ್ಳಿ. ಸುಗ್ಗಿಯ ಹೊತ್ತಿಗೆ ಅಧಿಕಾರಿಗಳು ಬಂದು ಯಾರದೋ ಹೊಲದಲ್ಲಿ ಹಗ್ಗ ಕಟ್ಟಿ, ಒಂದು ಚೌಕ ಗುರುತು ಮಾಡಿ, ಅಷ್ಟನ್ನೇ ಕೊಯ್ದು ತೂಕ ಹಾಕುತ್ತಾರಲ್ಲ, ಬೆಳೆ ಕಟಾವು ಪ್ರಯೋಗ, ಅದರ ಬೇರು ಇರುವುದು ಆ ದಶಕಗಳ ಕೆಲಸದಲ್ಲಿ. ಮಹಾಲನೋಬಿಸ್ ಮತ್ತು ಪಿ. ವಿ. ಸುಖಾತ್ಮೆ ಇಬ್ಬರೂ ಎಷ್ಟು ದೊಡ್ಡ ಚೌಕ ಕೊಯ್ಯಬೇಕು ಎಂಬುದರ ಮೇಲೆಯೇ ಬಹಳ ವರ್ಷ ಜಗಳವಾಡಿದರು. ಫಸಲ್ ಬಿಮಾ ನಿಯಮದಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ. ಆ ನಾಲ್ಕು ತೂಕದ ಮೇಲೆ ಇಡೀ ಪಂಚಾಯಿತಿಯ ರೈತರಿಗೆ ಪರಿಹಾರ ಬರುತ್ತದೋ ಇಲ್ಲವೋ ನಿರ್ಧಾರ. ನಾಲ್ಕು ಸಾಕೇ, ಅದರಲ್ಲಿ ಎಷ್ಟು ತಪ್ಪು ನುಸುಳಬಹುದು ಎಂಬುದು ಗಣಿತದ ಪ್ರಶ್ನೆ. ಅದು ನಿಮ್ಮ ಜೇಬಿನ ಪ್ರಶ್ನೆಯೂ ಹೌದು.

ಇಂಥ ಸರ್ವೆ ಕೆಲಸ ಇದ್ದುದರಿಂದ ಸಂಸ್ಥೆಗೆ ಕೂಡಿಸಿ ಕಳೆಯುವವರು, ಯೋಚಿಸುವವರು ಇಬ್ಬರೂ ಬೇಕಾಗಿದ್ದರು. ರಾವ್ ಮೊದಲು ತರಬೇತಿಗೆ ಸೇರಿದರು. ಆರು ತಿಂಗಳಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಶುರು ಮಾಡಿತು. ಅದರ ಮೊದಲ ತಂಡದಲ್ಲಿ ಓದಿ 1943ರಲ್ಲಿ ಮೊದಲ ಸ್ಥಾನ ಪಡೆದರು. ಕೂಡಲೇ ಮಹಾಲನೋಬಿಸ್ ಸಂಸ್ಥೆಯಲ್ಲಿ ಅಪ್ರೆಂಟಿಸ್ ಕೆಲಸ ಕೊಟ್ಟರು. ಅಪ್ರೆಂಟಿಸ್ ಎಂದರೆ ಐ.ಟಿ.ಐ. ಹುಡುಗರು, ಲೈನ್‌ಮನ್ ತರಬೇತಿಯವರು ಎಂದಷ್ಟೇ ನಮ್ಮ ತಲೆಯಲ್ಲಿದೆ. ಗಣಿತಕ್ಕೂ ಅಪ್ರೆಂಟಿಸ್ ಇದ್ದ. ಜತೆಗೆ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಪಾಠ.

ಆ ಪಾಠದಲ್ಲೇ 1944ರ ಘಟನೆ ನಡೆದದ್ದು. ಹೆಚ್ಚು ಹೆಚ್ಚು ಮಾದರಿ ತೆಗೆದುಕೊಂಡಾಗ ಅಂದಾಜಿನ ತಪ್ಪು ಎಷ್ಟಕ್ಕೆ ಇಳಿಯಬಹುದು ಎಂಬ ಬಗ್ಗೆ ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಕಂಡುಕೊಂಡದ್ದನ್ನು ರಾವ್ ಹೇಳುತ್ತಿದ್ದರು. ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು ಕೇಳಿದ: ಮಾದರಿ ಕಡಿಮೆ ಇದ್ದಾಗಲೂ ಇಂಥದ್ದೊಂದು ಹೇಳಬಹುದೇ? ಮಾಸ್ತರ ವಯಸ್ಸು 24. ಗೊತ್ತಿರಲಿಲ್ಲ. ರಾತ್ರಿ ಕೂತು ಬಿಡಿಸಿ, ಮಾರನೇ ದಿನ ಬಂದು ಬೋರ್ಡಿನ ಮೇಲೆ ತೋರಿಸಿದರು. ಒಳಗಿನ ಮಾತು ಸರಳ: ನಿಮ್ಮ ಹತ್ತಿರ ಇಷ್ಟು ಮಾದರಿ ಇದ್ದರೆ, ಒಂದು ಕಡೆ ವಾಲದ ಅಂದಾಜನ್ನು ಎಷ್ಟೇ ಜಾಣತನದಿಂದ ಮಾಡಿದರೂ ಅದರ ಏರುಪೇರು ಒಂದು ಮಿತಿಗಿಂತ ಕೆಳಗೆ ಇಳಿಯದು, ಮತ್ತು ಆ ಮಿತಿಯನ್ನು ಲೆಕ್ಕ ಹಾಕಬಹುದು. 1945ರಲ್ಲಿ ಕಲ್ಕತ್ತೆಯ ಗಣಿತ ಪತ್ರಿಕೆಯಲ್ಲಿ ಅಚ್ಚಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಾಮೆರ್ ತಾವೇ ಬೇರೆಯಾಗಿ ಅದನ್ನು ಕಂಡುಕೊಂಡಿದ್ದರಿಂದ ಇವತ್ತು ಅದಕ್ಕೆ ಕ್ರಾಮೆರ್–ರಾವ್ ಎಂಬ ಜೋಡಿ ಹೆಸರು. ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದುವವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ಪರೀಕ್ಷೆಗೆ ಬಂದೇ ಬರುತ್ತದೆ. ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ದೇಶದ ದೊಡ್ಡ ಅರ್ಥಶಾಸ್ತ್ರಜ್ಞರಾದರು. ಭಾರತದ ಬಡತನದ ಲೆಕ್ಕ ಹಾಕಿದವರಲ್ಲಿ ಅವರದು ಮೊದಲ ಸಾಲಿನ ಹೆಸರು.

ಹಗಲಿನ ಕೆಲಸ ಬೇರೆಯೇ ಇತ್ತು. 1941ರಲ್ಲಿ ಈಗಿನ ಉತ್ತರ ಪ್ರದೇಶದ ಬೇರೆ ಬೇರೆ ಜಾತಿ, ಬುಡಕಟ್ಟುಗಳ ಜನರ ತಲೆ, ಮೂಗು, ಎತ್ತರ ಅಳೆದು ತಂದ ದೊಡ್ಡ ರಾಶಿ ಅಂಕಿಗಳನ್ನು ಬಿಡಿಸುವ ಕೆಲಸ. ಯಾವ ಗುಂಪು ಯಾವುದಕ್ಕೆ ಹತ್ತಿರ, ಯಾವುದಕ್ಕೆ ದೂರ? ಜನರನ್ನು ಹೀಗೆ ಅಳೆದು ವಿಂಗಡಿಸುವ ಆ ಕಾಲದ ಹುಚ್ಚು ನನಗೆ ಹಿಡಿಸುವುದಿಲ್ಲ, ಬರೆದೇ ಬಿಡುತ್ತೇನೆ. ಆದರೆ ಅದರ ಹಿಂದಿನ ಗಣಿತವನ್ನು ದನದ ಸಂತೆಗೆ ಹೋದ ಯಾರಿಗಾದರೂ ವಿವರಿಸಬಹುದು. ಹಳ್ಳಿಕಾರ್ ಹೋರಿ, ಅಮೃತಮಹಲ್ ಹೋರಿ ಎರಡನ್ನೂ ನಿಲ್ಲಿಸಿ. ಕೊಂಬಿನ ಉದ್ದ, ಎತ್ತರ, ಎದೆಯ ಸುತ್ತಳತೆ, ಮುಖದ ಉದ್ದ ಅಳೆಯಿರಿ. ಬರೀ ವ್ಯತ್ಯಾಸಗಳನ್ನು ಕೂಡಿಸಿದರೆ ಸಾಲದು. ಎತ್ತರ ಇರುವ ಹೋರಿಗೆ ಎದೆಯೂ ದೊಡ್ಡದಿರುತ್ತದೆ, ಅದನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಅಳತೆಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ಲೆಕ್ಕದಲ್ಲಿ ಹಿಡಿದು ಎರಡು ತಳಿಗಳ ನಡುವಿನ 'ದೂರ' ಹೇಳುವ ವಿಧಾನವನ್ನು ಮಹಾಲನೋಬಿಸ್ ಕಂಡುಹಿಡಿದಿದ್ದರು. ಡಿ-ಸ್ಕ್ವೇರ್ ಎನ್ನುತ್ತಾರೆ.

ಈ ಕೆಲಸವೇ ರಾವ್ ಅವರನ್ನು ಹಡಗು ಹತ್ತಿಸಿತು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಪುರಾತತ್ವ ವಸ್ತು ಸಂಗ್ರಹಾಲಯದಲ್ಲಿ ಸುಡಾನಿನಿಂದ ಬಂದ ಎಲುಬುಗಳ ರಾಶಿ ಬಿದ್ದಿತ್ತು. ಔಷಧಿ ಕಂಪನಿಯ ಧಣಿ ಹೆನ್ರಿ ವೆಲ್ಕಮ್ 1910ರಿಂದ 1914ರವರೆಗೆ ಜೆಬೆಲ್ ಮೋಯಾ ಎಂಬ ಜಾಗದಲ್ಲಿ ಅಗೆಸಿದ ಹಳೆಯ ಸಮಾಧಿಗಳ ಅಸ್ಥಿಗಳು. ಅವರು ಯಾರ ಸಂಬಂಧಿಕರು ಎಂದು ಹೇಳುವವರು ಬೇಕಿತ್ತು. ಅಲ್ಲಿನ ಜೆ. ಸಿ. ಟ್ರೆವರ್ ಎಂಬ ಮಾನವಶಾಸ್ತ್ರಜ್ಞ, ಡಿ-ಸ್ಕ್ವೇರ್ ಗೊತ್ತಿರುವವರನ್ನು ಕಳಿಸಿ ಎಂದು ಮಹಾಲನೋಬಿಸ್ ಅವರನ್ನು ಕೇಳಿದರು. ಮಹಾಲನೋಬಿಸ್ ಇಬ್ಬರನ್ನು ಕಳಿಸಿದರು: ರಾಮಕೃಷ್ಣ ಮುಖರ್ಜಿ ಮತ್ತು ಸಿ. ಆರ್. ರಾವ್. 1946ರಲ್ಲಿ ಹೊರಟರು.

ಗಮನಿಸಿ, ರಾವ್ ಕೇಂಬ್ರಿಜ್‌ಗೆ ಹೋದದ್ದು ವಿದ್ಯಾರ್ಥಿಯಾಗಿ ಅಲ್ಲ, ಸಂಬಳದ ಕೆಲಸಗಾರನಾಗಿ. ಅಲ್ಲಿಗೆ ಹೋದ ಮೇಲೆ, ಹೇಗೂ ಬಂದಿದ್ದೇನೆ ಎಂದು ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್.ಡಿ.ಗೆ ಹೆಸರು ಬರೆಸಿದರು. ಮಾರ್ಗದರ್ಶಕರು ಬೇರೆ ಯಾರೂ ಅಲ್ಲ, ಅದೇ ರೊನಾಲ್ಡ್ ಫಿಷರ್. ಅವರು ಆಗ ಕೇಂಬ್ರಿಜ್‌ನಲ್ಲಿ ಅನುವಂಶಿಕತೆಯ ಪ್ರೊಫೆಸರ್. ಬರೀ ಲೆಕ್ಕ ಮಾಡಿದರೆ ಆಗದು, ನನ್ನ ಪ್ರಯೋಗಾಲಯದಲ್ಲೂ ಕೆಲಸ ಮಾಡಬೇಕು ಎಂದರು. ಹೀಗೆ ನಮ್ಮ ಮನುಷ್ಯ ಹಗಲೆಲ್ಲ ಮ್ಯೂಸಿಯಮ್ಮಿನಲ್ಲಿ ಸತ್ತವರ ಎಲುಬು, ಉಳಿದ ಹೊತ್ತಿನಲ್ಲಿ ಫಿಷರ್ ಸಾಹೇಬರ ಇಲಿಗಳ ಸಾಕಣೆ. ಪಿಎಚ್.ಡಿ.ಗೆ ವಿಷಯ ಕೊಡಿ ಎಂದರೆ, ಅದು ನಿನ್ನ ವಿಷಯ, ನೀನೇ ಹುಡುಕಿಕೋ ಎಂಬ ಉತ್ತರ ಬಂತು.

ವಿಷಯ ಎದುರಿಗೇ ಇತ್ತು. ಎಲುಬುಗಳಲ್ಲಿ ಎಷ್ಟೋ ಮುರಿದಿದ್ದವು. ಒಂದು ತಲೆಬುರುಡೆಯಲ್ಲಿ ದವಡೆಯಿಲ್ಲ, ಇನ್ನೊಂದರಲ್ಲಿ ಕೆನ್ನೆ ಮೂಳೆಯಿಲ್ಲ. ಇರುವ ಅಳತೆಗಳಿಂದಲೇ ಇದು ಯಾವ ಗುಂಪಿಗೆ ಸೇರಿದ್ದು ಎಂದು ಹೇಳುವುದು ಹೇಗೆ, ಹೇಳಿದ್ದು ತಪ್ಪಾಗುವ ಸಾಧ್ಯತೆ ಎಷ್ಟು? ಅದೇ ಪ್ರಬಂಧವಾಯಿತು. 1948ರಲ್ಲಿ ಪದವಿ ಬಂತು. ಊರಿಗೆ ಮರಳಿದರು. ಕಲ್ಕತ್ತೆಯ ಸಂಸ್ಥೆ ಮೂವತ್ತು ತುಂಬುವ ಮೊದಲೇ ಅವರನ್ನು ಪ್ರೊಫೆಸರ್ ಮಾಡಿತು. ಎಲುಬಿನ ಪುಸ್ತಕ 1955ರಲ್ಲಿ ಕೇಂಬ್ರಿಜ್‌ನಿಂದ ಅಚ್ಚಾಯಿತು, ಮುಖರ್ಜಿ, ರಾವ್, ಟ್ರೆವರ್ ಮೂವರ ಹೆಸರಿನಲ್ಲಿ. ಮುಂದಿನದನ್ನು ಓಡಿಸಿ ಹೇಳುತ್ತೇನೆ. ಪದ್ಮವಿಭೂಷಣ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ, 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ. ಅದೇ ವರ್ಷ ಆಗಸ್ಟ್ 22ರಂದು ಅಮೆರಿಕದಲ್ಲಿ ತೀರಿಕೊಂಡಾಗ ವಯಸ್ಸು 102.

ಪ್ರಶಸ್ತಿಗಳನ್ನು ಬಿಡಿ. ನನಗೆ ಮುಖ್ಯ ಅನ್ನಿಸಿದ್ದು ಇದು. ಸಂಬಳದ ಕೆಲಸ ರಾವ್ ಅವರ ಓದನ್ನು ತಿಂದುಹಾಕಲಿಲ್ಲ. ಓದಿಗೆ ಬೇಕಾದ ಪ್ರಶ್ನೆ ಸಿಕ್ಕಿದ್ದೇ ಕೆಲಸದಿಂದ. ಸೆಣಬು, ಮೂಗಿನ ಅಳತೆ, ಮುರಿದ ಬುರುಡೆ ಇವು ಇಲ್ಲದೆ ಬರೀ ಕೋಣೆಯಲ್ಲಿ ಕೂತಿದ್ದರೂ ಅವರು ಜಾಣರೇ ಆಗಿರುತ್ತಿದ್ದರು. ಆದರೆ ಇದೇ ಗಣಿತ ಹುಟ್ಟುತ್ತಿತ್ತೇ ಎಂಬುದು ಅನುಮಾನ.

ಸರಿಸುಮಾರು ಅದೇ ಕಾಲಕ್ಕೆ ಅಮೆರಿಕದಲ್ಲೂ ಒಬ್ಬ ಹುಡುಗನ ಪಾಡು ಹೀಗೇ ಇತ್ತು. ಕ್ಲಾಡ್ ಶಾನನ್. ಮಿಷಿಗನ್ ರಾಜ್ಯದ ಸಣ್ಣ ಊರಿನವನು. 1936ರಲ್ಲಿ ಗಣಿತ ಮತ್ತು ಎಲೆಕ್ಟ್ರಿಕಲ್ ಎರಡರಲ್ಲೂ ಪದವಿ ಮುಗಿಸಿ ಮುಂದೇನು ಎಂದು ತಿರುಗುವಾಗ ಗೋಡೆಯ ಮೇಲೆ ಅಂಟಿಸಿದ್ದ ಒಂದು ಕಾರ್ಡು ಕಣ್ಣಿಗೆ ಬಿತ್ತು. ಎಂ.ಐ.ಟಿ.ಯಲ್ಲಿ ಒಂದು ದೊಡ್ಡ ಲೆಕ್ಕದ ಯಂತ್ರ ನಡೆಸಲು ಸಹಾಯಕ ಬೇಕು, ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ಓದು. ಅರ್ಜಿ ಹಾಕಿದ, ಸಿಕ್ಕಿತು. ಆ ಯಂತ್ರವನ್ನು ಹಿಡಿತದಲ್ಲಿಡಲು ಸುಮಾರು ನೂರು ರಿಲೇ ಸ್ವಿಚ್‌ಗಳಿದ್ದವು. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಡಬ್ಬಿಯೊಳಗೆ ಕರೆಂಟ್ ಬಂದೊಡನೆ ಟಕ್ ಎನ್ನುತ್ತದಲ್ಲ, ಆ ಜಾತಿಯವು. 1937ರ ಬೇಸಿಗೆಯಲ್ಲಿ ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ. ಅಲ್ಲೂ ರಿಲೇಗಳೇ, ಟೆಲಿಫೋನ್ ಎಕ್ಸ್‌ಚೇಂಜಿನ ತುಂಬ. ಹೌದು–ಅಲ್ಲ ಎಂಬ ಎರಡೇ ಮಾತಿನ ತರ್ಕದ ಗಣಿತವನ್ನು ಈ ಟಕ್ ಟಕ್ ಸ್ವಿಚ್‌ಗಳಿಗೆ ಹೊಂದಿಸಬಹುದು ಎಂದು ಆ ಹುಡುಗನಿಗೆ ಹೊಳೆಯಿತು. ಅದೇ ಅವನ ಮಾಸ್ಟರ್ಸ್ ಪ್ರಬಂಧ. ನಿಮ್ಮ ಕೈಲಿರುವ ಫೋನಿನ ಒಳಗಿನ ಸರ್ಕ್ಯೂಟು ಇವತ್ತಿಗೂ ಆ ಮಾತಿನ ಮೇಲೆಯೇ ನಿಂತಿದೆ.

ಇಲ್ಲೂ ಅದೇ ನೋಡಿ. ಒಬ್ಬನಿಗೆ ಹೋಟೆಲಿನ ಮಾತು, ಇನ್ನೊಬ್ಬನಿಗೆ ಗೋಡೆಯ ಕಾರ್ಡು. ಆ ಗೋಡೆಯ ಹತ್ತಿರವೇ ಹೋಗಲಾಗದವರ ಗತಿ?

ಈ ಪ್ರಶ್ನೆಯನ್ನು ಬೆಲ್ ಪ್ರಯೋಗಾಲಯದ ಒಳಗೇ ಕೇಳಿದವರು ಅಲ್ಲಿನ ಕಪ್ಪು ಜನಾಂಗದ ನೌಕರರು. ಮೈಕ್ರೊಫೋನ್ ಸಂಶೋಧಕ ಜೇಮ್ಸ್ ವೆಸ್ಟ್ ಮತ್ತು ಗೆಳೆಯರು 1970ರ ಹೊತ್ತಿಗೆ ಸಂಘ ಕಟ್ಟಿಕೊಂಡು ಆಡಳಿತದ ಬೆನ್ನು ಬಿದ್ದರು. ನಮ್ಮ ಹುಡುಗರು ಯಾಕೆ ಇಲ್ಲಿಗೆ ಬರುತ್ತಿಲ್ಲ? 1972ರಲ್ಲಿ ಕಂಪನಿ ಒಂದು ಯೋಜನೆ ಶುರು ಮಾಡಿತು. ಪಿಎಚ್.ಡಿ. ಓದುವ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಫೀ, ಬದುಕಲು ಹಣ, ಬೇಸಿಗೆಯಲ್ಲಿ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಜತೆ ಕೆಲಸ. ಎರಡು ವರ್ಷದ ನಂತರ ಹೆಣ್ಣುಮಕ್ಕಳಿಗೂ ಅಂಥದ್ದೇ ಒಂದು ಬಂತು. ವಿಲಿಯಂ ಮ್ಯಾಸಿ ಎಂಬ ಕಪ್ಪು ಗಣಿತಜ್ಞ 1977ರಲ್ಲಿ ಈ ವೇತನ ಪಡೆದು ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತ ಪಿಎಚ್.ಡಿ. ಮಾಡಿದರು. ಫೋನ್ ಕರೆಗಳು, ಜನರು ಸಾಲುಗಟ್ಟಿ ಕಾಯುವ ಲೆಕ್ಕದ ಗಣಿತ ಅವರದು. ವರ್ಷಗಟ್ಟಲೆ ಬೆಲ್‌ನಲ್ಲೇ ಕೆಲಸ ಮಾಡಿ, ಮುಂದೆ ಪ್ರಿನ್ಸ್‌ಟನ್ನಿನಲ್ಲಿ ಪ್ರೊಫೆಸರ್ ಆದರು. ಕೇಳಿದ್ದರಿಂದ ಬಂದ ಬಾಗಿಲು ಅದು, ತಾನಾಗಿ ತೆರೆದದ್ದಲ್ಲ.

ಇದನ್ನು ಇಡೀ ದೇಶದ ಪದ್ಧತಿಯಾಗಿ ಮಾಡಿದ್ದು ಕೆನಡಾ. 1999ರಲ್ಲಿ ಅಲ್ಲಿನ ಗಣಿತಜ್ಞರು ಸೇರಿ ಮೈಟಾಕ್ಸ್ ಎಂಬ ಜಾಲ ಕಟ್ಟಿದರು. ಅದನ್ನು ಬಹಳ ವರ್ಷ ನಡೆಸಿದವರು ಭಾರತ ಮೂಲದ ಅರವಿಂದ ಗುಪ್ತಾ. ಕೆಲವೇ ವರ್ಷದಲ್ಲಿ ಅದು ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ಕೈ ಹಾಕಿತು. ನಿಯಮ ಸರಳ. ಕಂಪನಿಗೆ ಒಂದು ಸಮಸ್ಯೆ ಇರಬೇಕು. ವಿದ್ಯಾರ್ಥಿ ಸುಮಾರು ಅರ್ಧ ಹೊತ್ತು ಕಂಪನಿಯಲ್ಲಿ, ಅರ್ಧ ಹೊತ್ತು ವಿಶ್ವವಿದ್ಯಾಲಯದಲ್ಲಿ ತನ್ನ ಪ್ರೊಫೆಸರ್ ಜತೆ. ನಾಲ್ಕರಿಂದ ಆರು ತಿಂಗಳ ಒಂದು ಘಟಕಕ್ಕೆ 15,000 ಡಾಲರ್. ಅದರಲ್ಲಿ ಕಂಪನಿಯದು 7,500, ಉಳಿದದ್ದು ಸರ್ಕಾರದ ನೆರವಿನಿಂದ. ಒಟ್ಟು ಮೊತ್ತದಲ್ಲಿ ಕನಿಷ್ಠ 10,000 ವಿದ್ಯಾರ್ಥಿಯ ಕೈಗೇ ಹೋಗಬೇಕು. ಕಂಪನಿ ತನ್ನ ಗಂಟಿನಿಂದ ಅರ್ಧ ಹಾಕಿದ ಮೇಲೆ ಹುಡುಗರನ್ನು ಝೆರಾಕ್ಸ್ ಮಾಡಿಸಲು, ಚಹಾ ತರಿಸಲು ಇಟ್ಟುಕೊಳ್ಳುವುದಿಲ್ಲ. ಗಣಿತಕ್ಕೆಂದು ಶುರುವಾದದ್ದು ಈಗ ಅಲ್ಲಿ ಎಲ್ಲ ವಿಷಯಗಳಿಗೂ ಹಬ್ಬಿದೆ.

ಇನ್ನು ನಮ್ಮ ಕಡೆ. 2024ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಂದಾಗ ನಾನೇ ಸುದ್ದಿ ಮಾಡಿದ್ದೆ. ದೊಡ್ಡ 500 ಕಂಪನಿಗಳು, ತಿಂಗಳಿಗೆ 5,000 ರೂಪಾಯಿ, ವಯಸ್ಸು 21ರಿಂದ 24. ಬಸ್ ಸ್ಟ್ಯಾಂಡಿನ ಹುಡುಗಿಗೆ ಹೇಳೋಣ ಎಂದು ಆ ನಿಯಮಗಳನ್ನು ಮತ್ತೆ ತೆಗೆದು ಓದಿದೆ. 2024ರ ಆ ನಿಯಮದಲ್ಲಿ ಪೂರ್ಣಾವಧಿ ಓದುತ್ತಿರುವವರಿಗೆ ಇರಲಿಲ್ಲ. ಸರಿ, ಓದು ಮುಗಿಸಿ ಹಾಕಲಿ ಎಂದರೆ, ಸ್ನಾತಕೋತ್ತರ ಪದವಿ ಇದ್ದವರಿಗೂ ಇರಲಿಲ್ಲ. ಓದುವಾಗ ಓದುತ್ತಿದ್ದೀಯ ಎಂದು ಬೇಡ, ಮುಗಿಸಿದ ಮೇಲೆ ಹೆಚ್ಚು ಓದಿದ್ದೀಯ ಎಂದು ಬೇಡ. ಕಡಿಮೆ ಓದಿದವರಿಗೆ ಮೊದಲು ಸಿಗಲಿ ಎಂಬ ಲೆಕ್ಕಾಚಾರ ಇರಬಹುದು, ಅದು ತಪ್ಪಲ್ಲ. ಆದರೆ ಮೆಕ್ಕೆಜೋಳದ ರೈತನ ಎಂ.ಎಸ್ಸಿ. ಮಗಳು ಯಾವ ಸಾಲಿನಲ್ಲಿ ನಿಲ್ಲಬೇಕು?

ಒಂದೆರಡು ಕಿಂಡಿಗಳಿವೆ, ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ರಾವ್ ದುಡಿದ ಅದೇ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಅಲ್ಲಿ ಪಿ.ಯು.ಸಿ. ಆದವರಿಗೆ ಗಣಿತ ಪದವಿ ಇದೆ, ಪ್ರವೇಶ ಪರೀಕ್ಷೆಯ ಮೂಲಕ. ಚೆನ್ನಾಗಿ ಓದುವವರಿಗೆ ಸಂಸ್ಥೆಯೇ ತಿಂಗಳ ಸ್ಟೈಪೆಂಡ್ ಕೊಡುತ್ತದೆ. ಇನ್ನೊಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇರೆ ಎರಡು ಅಕಾಡೆಮಿಗಳ ಜತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯ ಬಳಿ ಎರಡು ತಿಂಗಳು ಕೆಲಸ, ಸ್ಟೈಪೆಂಡ್ ಮತ್ತು ಪ್ರಯಾಣದ ಖರ್ಚು. ಗಣಿತದವರಿಗೂ ಇದೆ. ಅರ್ಜಿ ಹಾಕುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಬೇಸಿಗೆ ಬಂದ ಮೇಲೆ ಹುಡುಕಿದರೆ, ಆಂಧ್ರ ವಿಶ್ವವಿದ್ಯಾಲಯದಲ್ಲಿ ರಾವ್ ಅವರಿಗೆ ಆದದ್ದೇ ಆಗುತ್ತದೆ.

ಇವೆರಡನ್ನೂ ಹಡಗಲಿಯ ಆ ಹುಡುಗಿಗೆ ವಾಟ್ಸಾಪ್ ಮಾಡಿದೆ. ಅವಳ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲವಂತೆ. ರಾತ್ರಿ ಟ್ಯೂಷನ್ ಮುಗಿಸಿ ಫೋನ್ ಮಾಡಿದಳು. "ಅಣ್ಣಾ, ಇದಕ್ಕ ಮಾಸ್ತರ ಶಿಫಾರಸು ಪತ್ರ ಬೇಕಂತ್ರಿ. ನಮ್ ಡಿಪಾರ್ಟ್‌ಮೆಂಟಿನ್ಯಾಗ ಇರೋರೆಲ್ಲ ಅತಿಥಿ ಉಪನ್ಯಾಸಕರು. ಅವರು ಬರದ್ರ ನಡೀತೈತೇನ್ರಿ?"

ಕೇಳಿ ಹೇಳುತ್ತೇನೆ ಎಂದಿದ್ದೇನೆ.